ಮದುವೆ ಫೋಟೋಗ್ರಫಿಗೆ ಎಫ್‌ಎಂ ಜಾಹೀರಾತು: ಆಷಾಢದಲ್ಲಿ ಕೊಡಿ

ಇಬ್ಬರೇ ಸೇರಿ ಬೆಂಗಳೂರಿನ ವಿಜಯನಗರದಲ್ಲಿ ನಡೆಸುವ ಮದುವೆ ಫೋಟೋ ಸ್ಟುಡಿಯೋಗೆ ಎಫ್‌ಎಂ ಜಾಹೀರಾತು ಕೊಟ್ಟರೆ ದುಡ್ಡು ದಂಡವಾಗುತ್ತಾ ಅಂತ ಕೇಳಿದ್ದೀರಿ. ದೊಡ್ಡ ಖಾಸಗಿ ಸ್ಟೇಷನ್ ಆದರೆ ಹೆಚ್ಚುಕಮ್ಮಿ ಹೌದು. ಅದು ವೈಟ್‌ಫೀಲ್ಡ್‌ವರೆಗೂ ಕೇಳಿಸುತ್ತೆ, ಅಷ್ಟೂ ಜನರ ಲೆಕ್ಕದಲ್ಲಿ ನೀವು ದುಡ್ಡು ಕಟ್ಟಬೇಕು. ಒಂದೆರಡು ಸಲ ಬಂದರೆ ಯಾರಿಗೂ ನೆನಪಿರಲ್ಲ.

ಮೊದಲು ಸಮುದಾಯ ರೇಡಿಯೋ, ಅಂದರೆ ಸುತ್ತಮುತ್ತಲ ಜನರಿಗಾಗಿ ಲಾಭದ ಉದ್ದೇಶವಿಲ್ಲದೆ ನಡೆಸುವ ಸಣ್ಣ ಸ್ಟೇಷನ್, ವಿಚಾರಿಸಿ. ಬೆಂಗಳೂರಲ್ಲಿ ಜೈನ್ ಯೂನಿವರ್ಸಿಟಿಯವರ ರೇಡಿಯೋ ಆಕ್ಟಿವ್ 90.4 ಇದೆ. 2024ರ ನಿಯಮದಂತೆ ಇಂಥ ಸ್ಟೇಷನ್‌ಗಳು ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು, ಮುಂಚೆ 7 ಇತ್ತು. ನಿಮ್ಮ ಏರಿಯಾದಲ್ಲಿ ಸರಿಯಾಗಿ ಕೇಳಿಸುತ್ತಾ ಅಂತ ಮಾತ್ರ ಸ್ಕೂಟರ್ ಹತ್ತಿ, ಅಲ್ಲಲ್ಲಿ ನಿಂತು ರೇಡಿಯೋ ಹಾಕಿ ಪರೀಕ್ಷೆ ಮಾಡಿ.

ಸಮಯ ಮುಖ್ಯ. ಮದುವೆ ಸೀಸನ್‌ನಲ್ಲಿ ಕೂಗಿದರೆ ತಡವಾಯಿತು. ಆಷಾಢದಲ್ಲಿ ಮದುವೆ ಇರಲ್ಲ, ಆದರೆ ಮನೆಯವರು ಶ್ರಾವಣಕ್ಕೆ ಛತ್ರ ಹುಡುಕುತ್ತಿರುತ್ತಾರೆ. ಧನುರ್ಮಾಸವೂ ಹಾಗೇ.

ರೇಡಿಯೋದಲ್ಲಿ ಫೋಟೋ ತೋರಿಸೋಕಾಗಲ್ಲ, ಶಬ್ದದಲ್ಲೇ ತೋರಿಸಬೇಕು. ‘ಗಟ್ಟಿಮೇಳ, ಗಟ್ಟಿಮೇಳ!’ ಅನ್ನುವ ಕೂಗು, ವಾಲಗ, ಕ್ಲಿಕ್. ಆಮೇಲೆ ‘ಸ್ವಲ್ಪ ಪಕ್ಕಕ್ಕೆ ಬನ್ನಿ ಮಾವ!’ ತಾಳಿ ಕಟ್ಟುವಾಗ ಅಡ್ಡ ನಿಲ್ಲುವ ಮಾವ ಪ್ರತಿ ಮದುವೆಯಲ್ಲೂ ಇರ್ತಾರಲ್ಲ! ಸ್ಟುಡಿಯೋ ಹೆಸರನ್ನು ಎರಡು ಸಲ ಹೇಳಿಸಿ. ಹತ್ತು ಅಂಕಿಯ ಫೋನ್ ನಂಬರ್ ಬೇಡ, ಗಾಡಿ ಓಡಿಸುವವರು ಬರೆದುಕೊಳ್ಳಲ್ಲ. ‘ಇಂಥ ದೇವಸ್ಥಾನದ ಎದುರು’ ಅಂದರೆ ಸಾಕು.

ಖಾಸಗಿ ಸ್ಟೇಷನ್ನೇ ಬೇಕಾದರೆ, ಅವರ ಸ್ಪರ್ಧೆಗೆ ಬಹುಮಾನವಾಗಿ ಒಂದು ಪ್ರಿ-ವೆಡ್ಡಿಂಗ್ ಶೂಟ್ ಕೊಡ್ತೀವಿ ಅಂತ ಕೇಳಿ ನೋಡಿ. ನಿಮ್ಮ ಹೆಸರು ದಿನಕ್ಕೆ ಎಷ್ಟು ಸಲ, ಯಾವ ಹೊತ್ತಲ್ಲಿ ಬರುತ್ತೆ ಅನ್ನುವುದನ್ನು ಬರೆಸಿಕೊಳ್ಳಿ.