ಹಾಳೆ ಸುರುಳಿಯಾಗದಿರಲು

ಪ್ರಶ್ನೆ: ಅಡಿಕೆ ಹಾಳೆಯ ಮೇಲೆ ಹಸೆ ಚಿತ್ತಾರ (ಮಲೆನಾಡಿನ ಮನೆಗೋಡೆಗೆ ಕೆಮ್ಮಣ್ಣು ಬಳಿದು ಬಿಳಿ ಗೆರೆಗಳಲ್ಲಿ ಬರೆಯುವ ಜನಪದ ಚಿತ್ರ) ಬರೆದು ಮದುವೆಗೆ ಉಡುಗೊರೆ ಕೊಡುವ ಆಸೆ. ಆದರೆ ಹಾಳೆ ಸುರುಳಿಯಾಗುತ್ತದೆ, ಕೆಮ್ಮಣ್ಣು ಉದುರುತ್ತದೆ. ಏನು ಮಾಡಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ತೋಟದಲ್ಲಿ ಬಿದ್ದ ಹಾಳೆಯನ್ನು ಕಪ್ಪು ಚುಕ್ಕೆ ಬೀಳುವ ಮೊದಲೇ ತನ್ನಿ. ಚೆನ್ನಾಗಿ ತೊಳೆದು, 20 ನಿಮಿಷ ನೀರಿನಲ್ಲಿ ನೆನೆಸಿ, ಬೇಕಾದ ಅಳತೆಗೆ ಕತ್ತರಿಸಿ. ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ಕಲ್ಲು ಹೇರಿ, ಪೂರ್ತಿ ಒಣಗುವವರೆಗೂ ತೆಗೆಯಬೇಡಿ. ಅರ್ಧ ಒಣಗಿದ್ದನ್ನು ಬಿಸಿಲಿಗಿಟ್ಟರೆ ಒಂದು ಮೈ ಬೇಗ ಒಣಗಿ ಕುಗ್ಗುತ್ತದೆ, ಸುರುಳಿಯಾಗುವುದು ಅದಕ್ಕೇ.

ಒಳಮೈ ಬಲು ನುಣುಪು, ಬಣ್ಣ ಹಿಡಿಯದು. ಮರಳು ಕಾಗದದಿಂದ ಹಗುರವಾಗಿ ಉಜ್ಜಿ. ಜರಡಿ ಹಿಡಿದ ಕೆಮ್ಮಣ್ಣು 4 ಚಮಚ, ಫೆವಿಕಾಲ್ 1 ಚಮಚ, ದೋಸೆಹಿಟ್ಟಿನ ಹದಕ್ಕೆ ನೀರು. ತೆಳುವಾಗಿ ಎರಡು ಸಲ ಬಳಿಯಿರಿ. ದಪ್ಪಗೆ ಬಳಿದರೆ ಬಿರುಕು ಖಂಡಿತ.

ಗೋಡೆಯ ಚಿತ್ತಾರದ ಗೆರೆಗಳಿಗೆ ಅಕ್ಕಿ ಹಿಟ್ಟಿನ ಬಿಳುಪೇ ಚೆಂದ. ಆದರೆ ನಮ್ಮ ಮಳೆಗಾಲದಲ್ಲಿ ಅಕ್ಕಿ ಹಿಟ್ಟಿಗೆ ಬೂಷ್ಟು ಹಿಡಿಯುತ್ತದೆ, ಹಾಗಾಗಿ ಉಡುಗೊರೆಗೆ ಬಿಳಿ ಅಕ್ರಿಲಿಕ್ ಬಳಸಿ. ಕುಂಚ ಮಾತ್ರ ಪುಂಡಿ ಗಿಡದ ನಾರಿನದೇ ಇರಲಿ: ನಾರಿನ ತುದಿ ಜಜ್ಜಿ, ಎಳೆ ಬಿಡಿಸಿ, ಬಿಗಿಯಾಗಿ ಕಟ್ಟಿ. ಆ ನೇರ, ಸಪೂರ ಗೆರೆ ಅಂಗಡಿಯ ಬ್ರಷ್‌ನಲ್ಲಿ ಬರುವುದಿಲ್ಲ.