"ಇನ್ನೆರಡು ವರ್ಷ ಅಲ್ಲೇ ಇರಲಾ?"

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಇವರನ್ನು ರಾಯರು ಎನ್ನೋಣ. ವಯಸ್ಸು 43, ಮನೆ ಬಸವನಗುಡಿ. ಬೆಂಗಳೂರಿನ ಎಂಜಿನಿಯರಿಂಗ್ ಕಂಪನಿಯೊಂದು ಇವರನ್ನು ಮೂರು ವರ್ಷಕ್ಕೆಂದು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಮ್ಯಾನೇಜರಾಗಿ ಕಳಿಸಿತ್ತು. 26 ತಿಂಗಳು ಕಳೆದಿವೆ. ರಜೆಗೆ ಬಂದಾಗ ಪತ್ನಿಯೇ ವೃತ್ತಿ ಸಲಹೆಗೆಂದು ಕರೆತಂದರು. ರಾಯರ ಪ್ರಶ್ನೆ ಒಂದೇ: "ಇನ್ನೆರಡು ವರ್ಷ ಅಲ್ಲೇ ಇರಲಾ, ಬಂದುಬಿಡಲಾ?"

ಇಂಥವರಲ್ಲಿ ಮೊದಲು ನಿದ್ದೆ, ಹಸಿವು, ಆಸಕ್ತಿಯ ಬಗ್ಗೆ ವಿಚಾರಿಸಬೇಕು. ಇವು ಎರಡು ವಾರಕ್ಕೂ ಮೀರಿ ಕೆಟ್ಟಿದ್ದರೆ ವೃತ್ತಿಯ ಮಾತು ಬದಿಗಿಟ್ಟು ಮನೋವೈದ್ಯರ ಬಳಿ ಕಳಿಸುವುದೇ ಸರಿ. ರಾಯರಿಗೆ ಕೆಟ್ಟಿದ್ದು ನಿದ್ದೆ ಮಾತ್ರ, ಅದೂ ಭಾನುವಾರ ರಾತ್ರಿ.

ಹುದ್ದೆ, ಉಳಿತಾಯ, ಕಲಿಕೆ, ಕುಟುಂಬ, ಊರಿನಲ್ಲಿ ಮರ್ಯಾದೆ ಹೀಗೆ 12 ಚೀಟಿ ಕೊಟ್ಟು, ಯಶಸ್ಸು ಎಂದರೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಜೋಡಿಸಲು ಹೇಳಲಾಯಿತು. ಕುಟುಂಬ ಮೊದಲು ಬಂತು, ಹುದ್ದೆ ಏಳನೆಯದು. ಸಲಹೆಗಾರರ ಎದುರು ಬಹುತೇಕ ಎಲ್ಲರೂ ಹೀಗೇ ಜೋಡಿಸುತ್ತಾರೆ, ಅದು ಶಿಷ್ಟಾಚಾರ. ಆದ್ದರಿಂದ ಹಿಂದಿನ ನಾಲ್ಕು ವಾರದ ಕ್ಯಾಲೆಂಡರನ್ನು ಚೀಟಿಗಳ ಪಕ್ಕ ಇಡಿಸಬೇಕು. ಅಲ್ಲಿ ಬೆಳಗ್ಗೆ 6ಕ್ಕೇ ಬೆಂಗಳೂರಿನ ಕರೆ (ಬೇಸಿಗೆಯಲ್ಲಿ ಇಲ್ಲಿ 9.30), ರಾತ್ರಿ 10ರವರೆಗೆ ಮೇಲ್, ಮನೆಯವರ ಜೊತೆ ಊಟ ಮೂರೇ ಸಲ. "ಯಾರೂ ನೋಡುತ್ತಿಲ್ಲ ಎಂದುಕೊಂಡು ಮತ್ತೆ ಜೋಡಿಸಿ" ಎಂದಾಗ ಹುದ್ದೆ ಮೇಲೇರಿತು. ಜೊತೆಗೆ ಸೇರಿದ್ದ ಸ್ನೇಹಿತರೊಬ್ಬರು ಇಲ್ಲಿ ಆಗಲೇ ಡೈರೆಕ್ಟರ್. ವಾಪಸಾದರೆ ತಮಗೂ ಅದೇ ಹುದ್ದೆ ಎಂದು ರಾಯರು ನಂಬಿದ್ದರು. ಕಂಪನಿಯ ಪತ್ರದಲ್ಲಿ ಆ ಬಗ್ಗೆ ಒಂದು ಸಾಲೂ ಇರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಪತ್ನಿ, ಸಂಬಳವಿಲ್ಲದ ರಜೆಯಲ್ಲಿರುವ ಉಪನ್ಯಾಸಕಿ, ಆಗ ಹೇಳಿದರು: "ರೀ, ಜೂನ್‌ಗೆ ನನ್ನ ರಜೆ ಮುಗಿಯುತ್ತೆ. ಅದು ಯಾವ ಚೀಟೀಲೂ ಇಲ್ವಲ್ಲ."

ತಮ್ಮ ಯಶಸ್ಸಿಗೆ ಕಾರಣ ಹೊತ್ತುಗೊತ್ತಿಲ್ಲದ ದುಡಿಮೆ ಎಂಬುದು ರಾಯರ ಲೆಕ್ಕ. ಅಲ್ಲಿ ಅದೇ ಅಡ್ಡಬಂದಿತ್ತು. ದಿನದ ಕೆಲಸ ಮುಗಿಸಿದ ಮೇಲೆ ಮರುದಿನದ ಕೆಲಸಕ್ಕೆ ಮುನ್ನ 11 ಗಂಟೆ ಬಿಡುವು ಇರಬೇಕೆಂಬುದು ಜರ್ಮನಿಯ ಕಾನೂನು. ರಾತ್ರಿ 10ಕ್ಕೆ ಬಾಸ್ ಮೇಲ್ ಹಾಕಿದರೆ ತಂಡಕ್ಕೆ ಕಾಣುವುದು ಶ್ರದ್ಧೆಯಲ್ಲ, ಯೋಜನೆಯ ಕೊರತೆ. ಹೊಗಳಿಕೆ ಸಿಗದಿದ್ದುದೂ ಕಾಡಿತ್ತು. ಬೈಯದಿದ್ದರೆ ಅದೇ ಹೊಗಳಿಕೆ ಎಂದು ಸ್ಟುಟ್‌ಗಾರ್ಟ್ ಸೀಮೆಯಲ್ಲಿ ಗಾದೆಯೇ ಇದೆ! ಮೀಟಿಂಗ್ ಇಂಗ್ಲಿಷಿನಲ್ಲಿ ನಡೆಯುತ್ತದೆಂದು ಜರ್ಮನ್ ಭಾಷೆಯ ತರಗತಿಯನ್ನು ಎ2 ಎಂಬ ಆರಂಭದ ಹಂತದಲ್ಲೇ ಬಿಟ್ಟಿದ್ದರು. ನಿಜವಾದ ಮಾತುಕತೆ ಕಾಫಿ ಹೊತ್ತಿನಲ್ಲಿ ಜರ್ಮನ್‌ನಲ್ಲಿ ನಡೆಯುತ್ತಿತ್ತು.

"ಇನ್ನೆರಡು ವರ್ಷ" ಎನ್ನುವುದೂ ಬಾಯಿಮಾತಿಗೆ ಆಗುವಂಥದ್ದಲ್ಲ. ಇವರಲ್ಲಿದ್ದದ್ದು ಐಸಿಟಿ ಕಾರ್ಡ್, ಅಂದರೆ ಕಂಪನಿಯೊಳಗೇ ವರ್ಗವಾಗಿ ಬಂದವರಿಗೆ ಕೊಡುವ ವಾಸದ ಪರವಾನಗಿ. ಮ್ಯಾನೇಜರುಗಳಿಗೆ ಅದರ ಗರಿಷ್ಠ ಅವಧಿ ಮೂರು ವರ್ಷ. ಮುಂದುವರಿಯಬೇಕಾದರೆ ಅಲ್ಲಿನ ಕಂಪನಿಯ ನೇಮಕ, ಬ್ಲೂ ಕಾರ್ಡ್‌ನಂಥ ಬೇರೆ ಪರವಾನಗಿ ಬೇಕು. ಹಾಗಾದಾಗ ಬೆಂಗಳೂರಿನ ಕೆಲಸ ಉಳಿಯುತ್ತದೆಯೇ? ಎಚ್‌ಆರ್‌ನಿಂದ ಬರಹದಲ್ಲಿ ಉತ್ತರ ಪಡೆಯಲು ಸೂಚಿಸಲಾಯಿತು. ಮಗಳು 8ನೇ ತರಗತಿ. ಸಿಬಿಎಸ್‌ಇಯಲ್ಲಿ ಬೋರ್ಡ್ ನೋಂದಣಿ 9ರಲ್ಲೇ ಆಗುತ್ತದೆ, ನೇರ 10ಕ್ಕೆ ಸೇರಿಸುವುದು ಕಷ್ಟ. ಎರಡು ವರ್ಷ ಉಳಿದರೆ ಸಿಕ್ಕಿಬೀಳುವುದು ಅವಳೇ.

ಕೊಟ್ಟ ಸಲಹೆ: ಬೆಂಗಳೂರಿನ ಹಿರಿಯ ಅಧಿಕಾರಿಯೊಬ್ಬರಿಗೆ ಈ ವಾರವೇ ನಾಲ್ಕು ಸಾಲು ಬರೆಯಬೇಕು. ಬಡ್ತಿ ಕೇಳಬಾರದು, "ನಾನು ಬಂದಾಗ ಯಾವ ಕೆಲಸ ಕಾದಿದೆ" ಎಂದು ಕೇಳಬೇಕು. ತಿಂಗಳಿಗೊಮ್ಮೆ 20 ನಿಮಿಷ ಅವರೊಡನೆ ಮಾತು. ಅವಧಿ ಮುಗಿಯಲು ಆರು ತಿಂಗಳಿರುವಾಗ ಕೆಲಸ, ಮೇಲಧಿಕಾರಿ, ತಂಡದ ಗಾತ್ರ ಈ ಮೂರೂ ಬರಹದಲ್ಲಿ ಸಿಗಬೇಕು. "ನೋಡೋಣ ಬಿಡಿ" ಎಂಬ ಉತ್ತರ ಬಂದರೆ ಇಲ್ಲ ಎಂದೇ ತಿಳಿದು ಹೊರಗೂ ಹುಡುಕಲು ಶುರುಮಾಡಬೇಕು. ಹೋಗುವಾಗ ಇದ್ದ ಕಂಪನಿ ಬರುವಾಗ ಹಾಗೇ ಇರುವುದಿಲ್ಲ. ಕಳಿಸಿದವರೇ ಬೇರೆ ವಿಭಾಗಕ್ಕೆ ಹೋಗಿರುತ್ತಾರೆ. ರಾಯರ ವಿಷಯದಲ್ಲಿ ಆದದ್ದೂ ಅದೇ.

ಮೂರನೇ ಭೇಟಿ ವಿಡಿಯೊದಲ್ಲಿ. ಡೈರೆಕ್ಟರ್ ಹುದ್ದೆ ಖಾಲಿಯಿಲ್ಲ, 14 ಜನರ ಹೊಸ ತಂಡ ಇದೆ ಎಂದು ಉತ್ತರ ಬಂದಿತ್ತು. ರಾಯರಿಗೆ ಸಮಾಧಾನವಿಲ್ಲ, ಆದರೂ ಮಗಳ 9ನೇ ತರಗತಿ ಶುರುವಾಗುವ ಹೊತ್ತಿಗೆ ಬರುವುದೆಂದು ಇಬ್ಬರೂ ಕೂತು ನಿರ್ಧರಿಸಿದ್ದಾರೆ. ಸಂಜೆ 7ರ ಮೇಲೆ ಮೇಲ್ ಕಳಿಸುವುದು ನಿಂತಿದೆ. ಭಾನುವಾರದ ನಿದ್ದೆ ಮಾತ್ರ ಇನ್ನೂ ಪೂರ್ತಿ ಸರಿಹೋಗಿಲ್ಲ.