ನೀರು ಹೋಗುವ ಗುಳಿಗೆಗೆ ದಿನಾ ಎಳನೀರು ಬೇಕೇ?

ಬಿಸಿಲು ಏರುತ್ತಿದ್ದಂತೆ ಈ ಅಂಕಣಕ್ಕೆ ಎಳನೀರಿನ ಪ್ರಶ್ನೆಗಳು ಸಾಲುಗಟ್ಟುತ್ತವೆ. ಪ್ರತಿ ವರ್ಷ ಇದೇ ಕಥೆ. ಬಿಪಿ ಅಂದರೇನು ಅನ್ನುವ ಪಾಠ ಇಲ್ಲಿ ಮತ್ತೆ ಮಾಡುವುದಿಲ್ಲ. ಈ ಸಲ ಗದಗಿನ ಒಂದೇ ಪತ್ರಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ಉಳಿದವರು ಬೇಜಾರಾಗಬೇಡಿ.

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನಮ್ಮ ಅವ್ವನಿಗೆ 66 ವರ್ಷ. ಬಿಪಿಗೆ ಟೆಲ್ಮಿಸಾರ್ಟಾನ್ ತಗೋತಾರೆ. ಅದರ ಜೊತೆ ಅಮಿಲೋರೈಡ್, ಹೈಡ್ರೋಕ್ಲೋರೋಥಯಾಜೈಡ್ ಎರಡೂ ಕೂಡಿದ ನೀರು ಹೋಗುವ ಗುಳಿಗೆ ಕೊಟ್ಟಿದ್ದಾರೆ. ಇದರಿಂದ ಪೊಟ್ಯಾಸಿಯಂ ಇಳಿಯುತ್ತದೆ ಅಂತ ಮೊಬೈಲಿನಲ್ಲಿ ನೋಡಿದೆವು. ಅದಕ್ಕೇ ದಿನಾ ಎಳನೀರು, ಎರಡು ಬಾಳೆಹಣ್ಣು ಕೊಡುತ್ತಿದ್ದೇವೆ. ಅಡುಗೆಗೆ ಸೋಡಿಯಂ ಕಡಿಮೆ ಇರುವ ಉಪ್ಪು ತಂದಿದ್ದೇವೆ. ಮಂಡಿನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುತ್ತಾರೆ. ಈಗ ಕಾಲಲ್ಲಿ ಶಕ್ತಿ ಇಲ್ಲ ಅಂತಾರೆ. ಎಳನೀರು ಎರಡು ಮಾಡೋಣವೇ?

ಉತ್ತರ: ಬೇಡ. ಇವತ್ತೇ ಎಳನೀರು, ಆ ಉಪ್ಪು, ನೋವಿನ ಗುಳಿಗೆ ಮೂರನ್ನೂ ನಿಲ್ಲಿಸಿ. ಇವತ್ತೇ ರಕ್ತ ಕೊಟ್ಟು ಪೊಟ್ಯಾಸಿಯಂ, ಸೋಡಿಯಂ, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ನೋಡಿಸಿ, ಇಸಿಜಿಯನ್ನೂ ಮಾಡಿಸಿ. ಬಿಪಿ ಗುಳಿಗೆಗಳ ಮುಂದಿನ ಡೋಸ್ ಕೊಡುವ ಮೊದಲು ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ. ಎದೆ ಡವಡವ ಅಂದರೆ, ತಲೆ ತಿರುಗಿ ಬಿದ್ದರೆ ಫೋನ್ ಮಾಡುತ್ತ ಕೂರಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ.

ಮೊಬೈಲಿನಲ್ಲಿ ನೋಡಿದ್ದು ಪೂರ್ತಿ ಸುಳ್ಳಲ್ಲ, ಅರ್ಧ ಮಾತ್ರ. ಹೈಡ್ರೋಕ್ಲೋರೋಥಯಾಜೈಡ್ ಒಂದನ್ನೇ ತಗೊಂಡರೆ ಉಪ್ಪಿನ ಜೊತೆ ಪೊಟ್ಯಾಸಿಯಂ ಕೂಡ ಮೂತ್ರದಲ್ಲಿ ಹೋಗುತ್ತದೆ. ಹಾಗಾಗದಿರಲಿ ಅಂತಲೇ ಅಮಿಲೋರೈಡ್ ಕೂಡಿಸಿರುತ್ತಾರೆ. ಅದು ಪೊಟ್ಯಾಸಿಯಂ ಹಿಡಿದಿಡುತ್ತದೆ. ಟ್ರಯಾಮ್ಟೆರಿನ್, ಸ್ಪೈರನೊಲ್ಯಾಕ್ಟೋನ್ ಕೂಡ ಹಿಡಿದಿಡುವ ಜಾತಿಯವೇ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಾಲಪ್ರಿಲ್ ಕೂಡ ಅದನ್ನು ಏರಿಸುತ್ತವೆ. ಅಂದರೆ ನಿಮ್ಮ ಅವ್ವನಿಗೆ ಕಳೆಯುವ ಔಷಧ ಒಂದು, ಹಿಡಿದಿಡುವವು ಎರಡು. ಅದರ ಮೇಲೆ ಸುಮಾರು ಅರ್ಧ ಗ್ರಾಂ ಪೊಟ್ಯಾಸಿಯಂ ಇರುವ ಎಳನೀರು ದಿನಾ. ಸೋಡಿಯಂ ಕಡಿಮೆ ಉಪ್ಪಿನಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ಹಾಕುವುದು ಪೊಟ್ಯಾಸಿಯಂ ಕ್ಲೋರೈಡನ್ನೇ. ಪಾಕೀಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಯಾರೂ ಓದುವುದಿಲ್ಲ. ಅದೂ ಅಲ್ಲದೆ ಆ ಉಪ್ಪು ತಂದು, ರೊಟ್ಟಿ ಜೊತೆ ಉಪ್ಪಿನಕಾಯಿ, ಸಂಜೆ ಗಿರ್ಮಿಟ್ ಮಿರ್ಚಿ ಬಿಡಲಿಲ್ಲ ಅಂದರೆ ಏನು ಬಂತು?

ನನಗೆ ಎಲ್ಲಕ್ಕಿಂತ ಅಂಜಿಕೆ ಆ ಮಂಡಿನೋವಿನ ಗುಳಿಗೆಯದು. ಡೈಕ್ಲೋಫೆನಾಕ್, ಐಬುಪ್ರೊಫೇನ್ ಬಿಪಿ ಏರಿಸುತ್ತವೆ, ಮೂತ್ರಪಿಂಡಕ್ಕೆ ಹೋಗುವ ರಕ್ತ ತಗ್ಗಿಸುತ್ತವೆ. ಟೆಲ್ಮಿಸಾರ್ಟಾನ್ ಮತ್ತು ನೀರಿನ ಗುಳಿಗೆಯ ಜೊತೆ ಸೇರಿದರೆ ಮೂತ್ರಪಿಂಡ ಕೆಲಸ ನಿಲ್ಲಿಸಬಹುದು. ಅದು ಕೆಟ್ಟರೆ ಪೊಟ್ಯಾಸಿಯಂ ಹೊರಗೆ ಹೋಗಲು ದಾರಿಯೇ ಇಲ್ಲ. ನೋವಿಗೆ ಸದ್ಯಕ್ಕೆ ಪ್ಯಾರಾಸಿಟಮಾಲ್ ಸಾಕು. ಸಂತೆಯಲ್ಲಿ ಮಾರುವ ಮಂಡಿನೋವಿನ ಪುಡಿಯಂತೂ ಬೇಡವೇ ಬೇಡ. ಅಂಥ ಪುಡಿಗಳಲ್ಲಿ ಸ್ಟಿರಾಯ್ಡ್, ನೋವಿನ ಔಷಧ ಕದ್ದು ಬೆರೆಸಿದ್ದು ಎಷ್ಟೋ ಸಲ ಸಿಕ್ಕಿದೆ. ಗಿಡಮೂಲಿಕೆ ಅನ್ನುವುದು ಡಬ್ಬಿಯ ಮೇಲಷ್ಟೇ.

ಕಾಲಲ್ಲಿ ಶಕ್ತಿ ಇಲ್ಲದಿರುವುದು ಪೊಟ್ಯಾಸಿಯಂ ಇಳಿದರೂ ಬರುತ್ತದೆ, ಏರಿದರೂ ಬರುತ್ತದೆ. ಮುಖ ನೋಡಿ ಹೇಳಲು ನನಗೂ ಆಗುವುದಿಲ್ಲ, ನಿಮ್ಮ ಮೊಬೈಲಿಗೂ ಆಗುವುದಿಲ್ಲ. ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ 3.5ರಿಂದ 5ರ ಒಳಗಿದ್ದರೆ ಸರಿ. 6 ದಾಟಿದರೆ ಆಸ್ಪತ್ರೆಯ ಕೆಲಸ, ಹೃದಯದ ಬಡಿತ ತಪ್ಪಬಹುದು. ಒಂದು ಮಾತು: ರಕ್ತ ಕೊಡುವಾಗ ಮುಷ್ಟಿ ಬಿಗಿದು ಬಿಟ್ಟು ಮಾಡಬೇಡಿ. ಅದರಿಂದಲೂ ಅಂಕಿ ಸುಳ್ಳೇ ಏರುತ್ತದೆ. ಸೋಡಿಯಂ ಕೂಡ ನೋಡಲೇಬೇಕು. ಈ ಗುಳಿಗೆಯಲ್ಲಿ ವಯಸ್ಸಾದ ಹೆಂಗಸರಿಗೆ ಅದು ಇಳಿಯುವುದು ಜಾಸ್ತಿ. ಮಾತು ತಪ್ಪುತ್ತದೆ, ತಲೆ ತಿರುಗುತ್ತದೆ. ಮನೆಯವರು ವಯಸ್ಸಾಯ್ತು, ಮರೆವು ಅಂತ ಸುಮ್ನೆ ಕೂರುತ್ತಾರೆ.

ಗುಳಿಗೆ ಶುರು ಮಾಡಿದ ಅಥವಾ ಡೋಸ್ ಬದಲಿಸಿದ ಒಂದೆರಡು ವಾರಕ್ಕೆ ಈ ಪರೀಕ್ಷೆ ಆಗಬೇಕು. ಆಗಿಲ್ಲ ಅಂದರೆ ನೀವೇ ಬಾಯಿಬಿಟ್ಟು ಕೇಳಿ. ಮೇ ತಿಂಗಳ ಬಿಸಿಲಿನಲ್ಲಿ ವಾಂತಿ ಭೇದಿ ಹಿಡಿದರೆ ಗುಳಿಗೆ ನುಂಗುವ ಮೊದಲು ವೈದ್ಯರನ್ನು ಕೇಳಿ. ಸಾಮಾನ್ಯವಾಗಿ ಊಟ ನೀರು ಸರಿಹೋಗುವ ತನಕ ಒಂದೆರಡು ದಿನ ತಡೆಯಲು ಹೇಳುತ್ತಾರೆ.

ಪ್ರಶ್ನೆ: ಬಿಪಿ ಈಗ 124/80. ಗುಳಿಗೆ ಬಿಡಬಹುದೇ? (ಧಾರವಾಡ)

ಉತ್ತರ: ಗುಳಿಗೆ ತಗೊಂಡಿದ್ದಕ್ಕೇ 124, ಅಲ್ವಾ?

ಪ್ರಶ್ನೆ: ಗುಳಿಗೆ ಬಿಟ್ಟು ಬೆಳ್ಳುಳ್ಳಿ ಕಷಾಯ ಕುಡಿದರೆ ಆಗದೇ? (ಹಾವೇರಿ)

ಉತ್ತರ: ಆಗದು. ಬೆಳ್ಳುಳ್ಳಿ ಒಗ್ಗರಣೆಗೆ ಇರಲಿ.

ಪ್ರಶ್ನೆ: ನೀರು ಹೋಗುವ ಗುಳಿಗೆ ರಾತ್ರಿ ತಗೊಂಡರೆ ನಡೆಯುತ್ತದೆಯೇ? (ನವಲಗುಂದ)

ಉತ್ತರ: ರಾತ್ರಿಯೆಲ್ಲ ಎದ್ದು ಓಡಾಡುವ, ಕತ್ತಲಲ್ಲಿ ಜಾರಿ ಬೀಳುವ ಆಸೆ ಇದ್ದರೆ ತಗೊಳ್ಳಿ. ಇಲ್ಲದಿದ್ದರೆ ಬೆಳಗ್ಗೆಯೇ ಸರಿ.

ಪ್ರಶ್ನೆ: ಮದುವೆಗೆ ಹುಬ್ಬಳ್ಳಿಯಿಂದ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೋಗಬೇಕು. ದಾರಿಯಲ್ಲಿ ಮೂತ್ರಕ್ಕೆ ತೊಂದರೆ. ಆ ದಿನ ಗುಳಿಗೆ ತಪ್ಪಿಸಲೇ?

ಉತ್ತರ: ತಪ್ಪಿಸಬೇಡಿ. ಊರು ಮುಟ್ಟಿ ಮಧ್ಯಾಹ್ನ ತಗೊಳ್ಳಿ, ಮರುದಿನ ಮತ್ತೆ ಬೆಳಗ್ಗೆಗೆ ತನ್ನಿ. ಮರೆತರೆ ಎರಡು ಒಟ್ಟಿಗೆ ನುಂಗಬೇಡಿ. ಮೂತ್ರಕ್ಕೆ ಅಂಜಿ ನೀರು ಕುಡಿಯದೇ ಕೂರುವುದೂ ಬೇಡ, ದಾವಣಗೆರೆಯಲ್ಲಿ ಬಸ್ಸು ನಿಲ್ಲುತ್ತದೆ.